ಹಳೇ ಟೇಪ್ ಮಾರ್ರಿ, ಆದ್ರ ಚೀಟಿ ಖರೇ ಬರೀರಿ

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ ಪೇಪರ್‌ದ ಭಾನುವಾರದ ಪುರವಣಿದಾಗ ಹಳೇ ಹೆವಿ ರಾಕ್ ಬ್ಯಾಂಡ್‌ಗೋಳ ಬಗ್ಗೆ ಒಂದು ಕಾಲಂ ಬಂದಿತ್ತಲ್ರಿ, ಅವ್ರು ಸ್ಟುಡಿಯೋದಾಗ ಬ್ಯಾಡಂತ ಬಿಟ್ಟುಬಂದ ಟೇಪ್‌ನೆಲ್ಲ ನಲವತ್ತು ವರ್ಷ ಆದ್ಮ್ಯಾಲ ಡಿಲಕ್ಸ್ ಎಡಿಷನ್ ಅಂತ ಹೆಸ್ರಿಟ್ಟು ಮಾರ್ಲಾಕತ್ತಾರ, ಇದು ಅಭಿಮಾನಿಗಳ ಕಿಸೆದಾಗ ಕೈ ಹಾಕೋ ಧಂದಾ ಅಂತ. ಧಂದಾ ಅನ್ನೋದು ಅರ್ಧ ಖರೇ ಅದ, ಇಲ್ಲ ಅನ್ನಂಗಿಲ್ಲ. ಒಂದೇ ಆಲ್ಬಂ ಸಾದಾ ಒಂದು, ಡಿಲಕ್ಸ್ ಒಂದು, ಸೂಪರ್ ಡಿಲಕ್ಸ್ ಒಂದು ಅಂತ ಮೂರ್ ಸಲ ಮಾರ್ತಾರ, ತಗೊಳ್ಳೋರೂ ಮೂರ್ ಸಲ ತಗೋತಾರ. ಆದ್ರ ಎಲ್ಲಾನೂ ಕೂಡಿಸಿ ಕಸ ಅಂತ ಬರ್ದಿದ್ದು ನನಗ ಸರಿ ಅನಸ್ಲಿಲ್ಲ, ಅದಕ್ಕ ಈ ಪತ್ರ. ಉದ್ದ ಆದ್ರ ಕತ್ತರಿಸ್ರಿ, ಕಡೀಕ ಬರೋ ಬಾಂಬೆ ಮಾತು ಮಾತ್ರ ಕತ್ತರಿಸ್ಬ್ಯಾಡ್ರಿ.

ನಾ ಕಲಬುರಗಿದಾಗ ಸೌಂಡ್ ಸಿಸ್ಟಮ್ ಬಾಡಿಗಿ ಕೊಡೋ ಮನಷ್ಯಾ. ಮದಿವಿ ಆರ್ಕೆಸ್ಟ್ರಾ, ಜಾತ್ರಿ ನಾಟಕ, ಭಜನಿ, ಗಣಪತಿ, ಯಾವುದಿದ್ರೂ ಮೈಕ್ ಕಟ್ಟಿ ಮಿಕ್ಸರ್ ಮುಂದ ಕುಂತಿರ್ತೀನಿ. ಹೆವಿ ರಾಕ್ ಚಟ ಕಾಲೇಜ್ ದಿನದಿಂದ ಹತ್ಯದ, ಆವಾಗ ಸೂಪರ್ ಮಾರ್ಕೆಟ್ ಕಡಿ ಅಂಗಡಿಗೆ ಖಾಲಿ ಕ್ಯಾಸೆಟ್ ಕೊಟ್ಟು ಹಾಡು ತುಂಬಿಸ್ಕೊಂಡ್ ಬರ್ತಿದ್ವಿ, ಕವರ್ ಮ್ಯಾಲ ಬಾಲ್‌ಪೆನ್ನಿಲೆ ಬರ್ದಿದ್ದ ಹೆಸ್ರು ಅರ್ಧ ತಪ್ಪು, ಯಾವ ಬ್ಯಾಂಡು ಯಾವ ಹಾಡು ಅಂತ ತಿಳೀಲಾಕ ವರ್ಷಗಟ್ಲೆ ಬೇಕಾತು.

ಬ್ಲ್ಯಾಕ್ ಸಬ್ಬಾತ್ ಅನ್ನೋ ಬ್ಯಾಂಡಿನ ಮೊದಲ್ನೇ ಆಲ್ಬಂ ತಗೋರಿ. 1969ರ ಅಕ್ಟೋಬರ್‌ದಾಗ ಬರ್ಮಿಂಗ್‌ಹ್ಯಾಮ್‌ದ ನಾಕ್ ಹುಡುಗ್ರು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋಕ್ಕ ಹೋಗಿ ಒಂದೇ ದಿನದಾಗ, ಹನ್ನೆರಡ್ ತಾಸಿನ್ಯಾಗ, ಇಡೀ ಆಲ್ಬಂ ನುಡಿಸಿ ಬಂದ್ರು, 1970ರ ಫೆಬ್ರವರಿ 13ಕ್ಕ ಅದು ಬಿಡುಗಡೆ ಆತು. ಮಷೀನ್ ಫೋರ್ ಟ್ರ್ಯಾಕ್, ಅಂದ್ರ ದನಿ ತುಂಬ್ಲಾಕ ಟೇಪ್ ಮ್ಯಾಲ ನಾಕೇ ಪಟ್ಟಿ. ಅದರ ಕಷ್ಟ ಓದೋರಿಗೆ ಗೊತ್ತಾಗ್ಲಿ ಅಂತ ಹೇಳ್ತೀನಿ, ಇವತ್ತು ನಮ್ ಕಡಿ ಒಂದು ಸಣ್ಣ ಮದಿವಿ ಆರ್ಕೆಸ್ಟ್ರಾಕ್ಕ ಹದಿನಾರ್ ಚಾನೆಲ್ ಮಿಕ್ಸರ್ ಇಲ್ಲಂದ್ರ ಕೀಬೋರ್ಡ್ ಹುಡುಗ ಮಾರಿ ಗಂಟಿಕ್ತಾನ, ಬರೇ ಡ್ರಮ್ ಸೆಟ್‌ಗೇ ಐದಾರು ಮೈಕ್ ಕೇಳ್ತಾರ. ಅಲ್ಲಿ ಡ್ರಮ್, ಬಾಸ್, ಗಿಟಾರ್, ದನಿ ಎಲ್ಲಾ ಕೂಡಿ ನಾಕೇ ಪಟ್ಟಿದಾಗ ಕುಂದ್ರಬೇಕು, ಎಲ್ಲಾರೂ ಒಮ್ಮೆಲೇ ನುಡಿಸ್ಬೇಕು, ಒಬ್ಬಂವ ತಪ್ಪಿದ್ರ ಎಲ್ಲಾರೂ ಮತ್ತ ಮೊದಲಿಂದ. ಒಂದ್ ಸಲ ನುಡಿಸಿ ಟೇಪಿಗೆ ಇಳಿಸಿದ್ದಕ್ಕ ಟೇಕ್ ಅಂತಾರ. ಹಂಗಾಗಿ ಅವತ್ತು ಬಿಟ್ಟ ಟೇಕ್ ಅಂದ್ರ ಕೆಟ್ಟ ಟೇಕ್ ಅಂತೇನಿಲ್ರಿ, ಗಡಿಯಾರ ನೋಡ್ಕೋತ ಎರಡ್ರಾಗ ಒಂದು ಇಟ್ಕೊಂಡು ಮುಂದಿನ ಹಾಡಿಗೆ ಹ್ವಾದ್ರು, ಅಷ್ಟೇ.

ಆ ಬಿಟ್ಟ ಟೇಕ್‌ಗಳು 2009ರ ಡಿಲಕ್ಸ್ ಎಡಿಷನ್‌ದಾಗ ಬಂದ್ವು. ಅದ್ರಾಗ ಎನ್.ಐ.ಬಿ. ಅನ್ನೋ ಹಾಡಿನ ಬರೇ ವಾದ್ಯದ ಟೇಕ್ ಒಂದದ, ದನಿನೇ ಇಲ್ಲ. ನಿಮ್ ಕಾಲಂದವ್ರು ಅದನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳ್ಲಿ ಅಂತ ನನ್ ವಿನಂತಿ. ಆಲ್ಬಂದಾಗ ಆಝಿ ಆಸ್ಬರ್ನ್ ದನಿ ಬಂದ ಕೂಡ್ಲೇ ಕಿವಿ ಅವನ ಬೆನ್ನು ಹತ್ತತದ, ಹಿಂದ ಏನ್ ನಡದದ ಅನ್ನೋದು ತಿಳ್ಯಂಗೇ ಇಲ್ಲ. ಇಲ್ಲಿ ದನಿ ತೆಗದ್ರ ಗೀಜರ್ ಬಟ್ಲರ್‌ನ ಬಾಸ್ ಎಷ್ಟ್ ಓಡಾಡ್ತದ ಅಂತ ಕಾಣ್ತದ, ಬಿಲ್ ವಾರ್ಡ್ ಡ್ರಮ್ ಬಾರಿಸೋದು ನಾವ್ ತಿಳ್ಕೊಂಡಂಗ ಸುಮ್ನ ಧಡಂಬುಡಂ ಅಲ್ಲ, ಜಾಝ್ ಕೇಳಿ ಬೆಳದ ಕೈ ಅದು, ತೂಗಾಡ್ತದ. ಮತ್ತ ಗಿಟಾರ್ ನುಡಿಸೋ ಟೋನಿ ಅಯೋಮಿ. ಫ್ಯಾಕ್ಟರಿದಾಗ ತಗಡಿನ ಮಷೀನಿಗೆ ಸಿಕ್ಕು ಬಲಗೈ ನಡುವಿನ ಎರಡ್ ಬೆರಳಿನ ತುದಿ ಹೋಗ್ಯಾವ, ಎಡಚ ಆಗಿದ್ರಿಂದ ತಂತಿ ಒತ್ತೋದು ಅದೇ ಬಲಗೈಲೆ, ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಟೊಪ್ಪಗಿ ಮಾಡಿ ಬೆರಳಿಗೆ ಹಾಕ್ಕೊಂಡು ನುಡಿಸ್ಯಾನ. ಅಂಥಾ ಕೈಯಿಂದ ಬಂದ ನಾದ ಒಂದಲ್ಲ ಎರಡ್ ಟೇಕ್ ಸಿಗ್ತಾವ ಅಂದ್ರ ಬ್ಯಾಡ ಅಂತೀರೇನ್ರಿ?

ಎರಡ್ನೇ ಆಲ್ಬಂ ಪ್ಯಾರನಾಯ್ಡ್‌ದ ಕತಿ ಇನ್ನೂ ಮಜಾ ಅದ. ಅದೇ ಹೆಸ್ರಿನ ಹಾಡು ಆಲ್ಬಂ ಉದ್ದ ಸಾಲ್ವಲ್ದು ಅಂತ ಕಡೀಕ ಗಡಿಬಿಡಿಲೆ ಮಾಡಿದ್ದು, ಅದೇ ಅವ್ರ ಎಲ್ಲಾಕಿಂತ ದೊಡ್ಡ ಹಿಟ್ ಆಗಿ ಕುಂತದ. 2009ರಾಗ ಅದರ ಡಿಲಕ್ಸ್ ಬಂದಾಗ ಅದೇ ಹಾಡು ಬ್ಯಾರೆ ಪದ ಹಾಕಿ ಹಾಡಿದ ಟೇಕ್ ಹೊರಗ ಬಂತು. ಸಬ್ಬಾತ್‌ದ ಪದ ಹೆಚ್ಚಾಗಿ ಬರೀತಿದ್ದಂವ ಬಟ್ಲರ್, ಹಾಡ್ತಿದ್ದಂವ ಆಝಿ. ಟ್ಯೂನ್ ರೆಡಿ ಅದ, ರಾಗ ರೆಡಿ ಅದ, ಪದ ಇನ್ನೂ ಕುಂತಿಲ್ಲ. ನಮ್ ಸಿನಿಮಾದವ್ರು ಡಮ್ಮಿ ಸಾಹಿತ್ಯ ಹಾಕಿ ಟ್ರ್ಯಾಕ್ ಹಾಡಸ್ತಾರಲ್ರಿ, ಆಮ್ಯಾಲ ಕವಿಗಳು ಬಂದು ಕುಂತು ಖರೇ ಪದ ಬರೀತಾರ, ಅದನ್ನ ಕೇಳ್ದಂಗೇ ಆಗ್ತದ. ಮುಗದ ಹಾಡು ಕೇಳ್ದಾಗ ಇದು ಹಿಂಗೇ ಹುಟ್ಟಿ ಬಂದದ ಅನ್ಸ್ತದ, ಬ್ಯಾರೆ ಪದದ್ದು ಕೇಳ್ದಾಗ ಓ ಇದನ್ನೂ ಮಂದಿ ಕುಂತು ಕಟ್ಯಾರ, ಹುಡುಕ್ಯಾರ, ಬದಲಿ ಮಾಡ್ಯಾರ ಅಂತ ತಿಳೀತದ. ಎಸಿ/ಡಿಸಿ ಬ್ಯಾಂಡಿನವ್ರದ್ದೂ ಹಂಗೇ, ಅವ್ರ ಹಾಡುಗಾರ ಬಾನ್ ಸ್ಕಾಟ್ 1980ರಾಗ ತೀರಿಕೊಂಡ, 1997ರಾಗ ಅವನ ನೆನಪಿಗಂತ ತಂದ ಬಾಕ್ಸ್ ಸೆಟ್‌ದಾಗ ಅವ್ರ ಒಂದ್ ದೊಡ್ಡ ಹಾಡಿನ ಮೊದಲ್ನೇ ರೂಪ ಅದ, ಹೆಸ್ರೂ ಬ್ಯಾರೆ, ಪದಾನೂ ಬ್ಯಾರೆ.

ನಮ್ ಕಡಿ ಮಂದಿಗೆ ಇದು ಹೊಸಾದೇನಲ್ಲ ಬಿಡ್ರಿ. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನ ಪದ ಒಂದೂರಾಗ ಒಂದ್ ನಮೂನಿ ಹಾಡ್ತಾರ, ಮಗ್ಗಲ ಊರಾಗ ಒಂದ್ ನುಡಿ ಜಾಸ್ತಿ ಇರ್ತದ, ಇನ್ನೊಂದ್ ಕಡಿ ಧಾಟಿನೇ ಬ್ಯಾರೆ. ಯಾವ ಊರಿಂದು ಖರೇ, ಯಾವುದು ಔಟ್‌ಟೇಕ್, ಅಂದ್ರ ಬಿಟ್ಟ ಟೇಕ್, ಅಂತ ಯಾರೂ ಜಗಳ ಆಡಂಗಿಲ್ಲ, ಬೆಳಗಾತನ ಎಲ್ಲಾನೂ ಕೇಳ್ತಾರ.

ಈಗ ಬೈಯೋ ಮಾತಿಗೆ ಬರ್ತೀನಿ. ನಿಮ್ ಕಾಲಂದವ್ರು ಬೈಬೇಕಿತ್ತು, ಆದ್ರ ಬೈಬೇಕಾದ್ದು ಬಿಟ್ಟು ಬ್ಯಾರೇದಕ್ಕ ಬೈದಾರ. ಲೆಡ್ ಝೆಪ್ಪೆಲಿನ್ ಡ್ರಮ್ಮರ್ ಜಾನ್ ಬಾನಮ್ 1980ರ ಸೆಪ್ಟೆಂಬರ್‌ದಾಗ ಸತ್ತ, ಬ್ಯಾಂಡ್ ನಿಂತ್ಹೋತು, 1982ರಾಗ ಉಳದ ಟೇಪ್ ಕೂಡಿಸಿ ಕೋಡಾ ಅಂತ ಒಂದ್ ಆಲ್ಬಂ ತಂದ್ರು, ಎಂಟ್ ಹಾಡು. ಅದರ ಮೊದಲ್ನೇ ಹಾಡು 1969ರಾಗ ಲಂಡನ್ನಿನ ಸ್ಟುಡಿಯೋದಾಗ ಮಾಡಿದ್ದು ಅಂತ ಕವರ್ ಮ್ಯಾಲ ಅಚ್ಚು ಹಾಕ್ಯಾರ. ಅದು ಖರೇ ನೋಡಿದ್ರ 1970ರ ಜನವರಿದಾಗ ರಾಯಲ್ ಆಲ್ಬರ್ಟ್ ಹಾಲ್‌ದಾಗ ಮಂದಿ ಮುಂದ ನುಡಿಸಿದ್ದು, ಚಪ್ಪಾಳಿ ತೆಗದು, ಮ್ಯಾಲಿಂದ ಗಿಟಾರ್ ಕೂಡಿಸಿ, ಸ್ಟುಡಿಯೋ ಹಾಡಿನಂಗ ಮಾಡಿ ಮಾರ್ಯಾರ. ಹಾಡು ಭಾರಿ ಅದ, ಬಾನಮ್ ಬಾರಿಸಿದ್ದು ಕೇಳಿದ್ರ ನನ್ ಸ್ಪೀಕರ್ ಗತಿ ಏನಪ್ಪಾ ಅನ್ಸ್ತದ, ಅದು ಬ್ಯಾರೆ ಮಾತು. ಆದ್ರ ಚೀಟಿ ಸುಳ್ಳದ. ಸಭಾದಾಗ ನುಡಿಸಿದ್ದು ಅಂತ ಬರ್ದಿದ್ರ ಯಾರ್ ತಗೊಳ್ಳಂಗಿಲ್ಲ ಅಂತಿದ್ರು? ನಾ ಅಂತೂ ಇನ್ನೂ ಖುಷಿಲೆ ತಗೊಳ್ತಿದ್ದೆ.

ಇನ್ನೊಂದ್ ಚಾಳಿ ಅದ, ಹಳೇ ಟೇಪ್ ಮ್ಯಾಲ ಹೊಸಾ ದನಿ ಹಾಕೋದು. ರೋಲಿಂಗ್ ಸ್ಟೋನ್ಸ್ ಹೆವಿ ಬ್ಯಾಂಡ್ ಅಲ್ಲ ಅಂತ ನನಗೂ ಗೊತ್ತದ, ಆದ್ರೂ ಉದಾಹರಣಿಗೆ ಹೇಳ್ತೀನಿ, ಅವ್ರು 1972ರ ಎಕ್ಸೈಲ್ ಆಲ್ಬಂನ 2010ರಾಗ ಮತ್ತ ತಂದಾಗ ಆಗಿನ ಕಾಲದ ಬಿಟ್ಟ ಟ್ರ್ಯಾಕ್ ಮ್ಯಾಲ ಮಿಕ್ ಜಾಗರ್ ಹೊಸದಾಗಿ ಹಾಡಿ ಕೂಡಿಸ್ಯಾನ. ಕೆಳಗ ಇಪ್ಪತ್ತೆಂಟರ ಹರೇದವ್ರ ಕೈ, ಮ್ಯಾಲ ಅರವತ್ತು ದಾಟಿದವನ ದನಿ. ಅವರು ಮುಚ್ಚಿಟ್ಟಿಲ್ಲ, ಹೇಳೇ ಮಾಡ್ಯಾರ, ಅದಕ್ಕ ಬೈಯಂಗಿಲ್ಲ. ನನಗ ಮಾತ್ರ ಅದು ಸೇರಂಗಿಲ್ರಿ, ಹಳೇ ಟೇಪ್ ಅಂದ್ರ ಹಳೇದು ಹಂಗೇ ಇರ್ಲಿ, ಪದ ಇಲ್ಲಂದ್ರ ಪದ ಇಲ್ದೇ ಇರ್ಲಿ, ಎನ್.ಐ.ಬಿ. ಇಲ್ಲೇನು.

ಟೇಪ್ ಉಳಿಯೋದೇ ಒಂದ್ ದೊಡ್ಡ ಮಾತು. ಝೆಪ್ಪೆಲಿನ್‌ದವ್ರು 1968ರ ಅಕ್ಟೋಬರ್‌ದಾಗ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಾಗ ಮೊದಲ್ನೇ ಆಲ್ಬಂ ಮಾಡೋವಾಗ ಹಾಡಿದ ಒಂದ್ ಹಾಡಿನ ರೀಲ್, ಆ ಸ್ಟುಡಿಯೋ ಹೊರಗಿನ ಕಸದ ಡಬ್ಬಿದಾಗ ಸಿಕ್ತು ಅಂತ ಹೇಳ್ತಾರ, 1993ರಾಗ ಅದು ಆಲ್ಬಂದಾಗ ಬಂತು. ಸಬ್ಬಾತ್‌ದ ವಾರ್ ಪಿಗ್ಸ್ ಅನ್ನೋ ಹಾಡು ಮೊದಲ್ ಬ್ಯಾರೆ ಪದ, ಬ್ಯಾರೆ ಹೆಸ್ರಿನ್ಯಾಗ ಇತ್ತು, ಅದು 1970ರ ಬಿಬಿಸಿ ರೇಡಿಯೋ ಸೆಷನ್‌ದಾಗ ಉಳದದ, ರೇಡಿಯೋದವ್ರು ರೆಕಾರ್ಡ್ ಮಾಡಿರ್ಲಿಲ್ಲಂದ್ರ ಹೋಗೇ ಬಿಡ್ತಿತ್ತು. ಅಲ್ಲಿ ಕೆಲವು ಹಳೇ ರೀಲ್ ಅಂಟು ಬಿಟ್ಟಿರ್ತದಂತ 50 ಡಿಗ್ರಿ ಮ್ಯಾಲಿನ ಕಾವಿನ ಪೆಟ್ಟಿಗಿದಾಗ ತಾಸುಗಟ್ಲೆ ಇಟ್ಟು, ಆಮ್ಯಾಲ ಒಮ್ಮೆ ಓಡಿಸಿ ಕಾಪಿ ಮಾಡ್ಕೋತಾರ. ನಮ್ ಅಂಗಡಿ ಹುಡುಗ ಇದನ್ನ ಕೇಳಿ, ಅಣ್ಣಾ ನಮಗ ಪೆಟ್ಟಿಗಿ ಯಾಕ್ ಬೇಕು, ಮೇ ತಿಂಗಳಾಗ ಮಾಳಗಿ ಮ್ಯಾಲ ಇಟ್ರ ಆತು ಅಂದ.

ಬಾಂಬೆ ಮಾತಿಗೆ ಬಂದೆ. ಝೆಪ್ಪೆಲಿನ್‌ದ ಗಿಟಾರ್‌ದಂವ ಜಿಮ್ಮಿ ಪೇಜ್ ಮತ್ತ ಹಾಡುಗಾರ ರಾಬರ್ಟ್ ಪ್ಲ್ಯಾಂಟ್ ಇಬ್ಬರೇ 1972ರಾಗ ಬಾಂಬೆಕ್ಕ ಬಂದು, ನಮ್ಮ ದೇಶದ ವಾದ್ಯಗಾರರ ಕೂಡ ಸ್ಟುಡಿಯೋದಾಗ ಕುಂತು ತಮ್ಮ ಎರಡ್ ಹಾಡು ರೆಕಾರ್ಡ್ ಮಾಡ್ಯಾರ. ಒಂದು ಅವ್ರ ಮೂರ್ನೇ ಆಲ್ಬಂದ್ದು, ಇನ್ನೊಂದು ನಾಕ್ನೇದ್ದು. ಈ ಎರಡ್ನೇದು ಇಂಗ್ಲೆಂಡಿನ್ಯಾಗ ಮಾಡಿದಾಗ ಬಾನಮ್ ಒಂದೊಂದ್ ಕೈಯಾಗ ಎರಡೆರಡ್ ಕೋಲ್ ಹಿಡದು ನಾಕ್ ಕೋಲಿಲೆ ಬಾರಿಸ್ಯಾನ, ಹಾಡಿಗೆ ಹೆಸ್ರೂ ಅದೇ ಬಿದ್ದದ, ಐದು ಆರು ಕಲಸಿ ಎಣಿಸೋ ಲಯ, ಕಾಲಿಲೆ ತಾಳ ಹಾಕ್ಲಾಕ ಹೋದ್ರ ಎಡವ್ತೀರಿ. ಬಾಂಬೆದಾಗ ಬಾನಮ್ ಇರ್ಲಿಲ್ಲ, ಅವನ ಜಾಗಾದಾಗ ತಬಲಾ. ಈ ಟೇಪ್ ವರ್ಷಗಟ್ಲೆ ಕಳ್ಳ ರೆಕಾರ್ಡ್‌ನಾಗ ತಿರುಗಾಡಿ, 2015ರ ಜುಲೈದಾಗ ಪೇಜ್ ತಾನೇ ಮುಂದ ನಿಂತು ಕೋಡಾದ ದೊಡ್ಡ ಎಡಿಷನ್ ತಂದಾಗ ಅದ್ರಾಗ ಸೇರ್ತು, ಅಂದ್ರ ನಲವತ್ಮೂರು ವರ್ಷ ಆದ್ಮ್ಯಾಲ. ಕೇಳ್ರಿ ಒಮ್ಮೆ. ಆ ನಾಕ್ ಕೋಲಿನ ಹಾಡಿನ್ಯಾಗ ಪ್ಲ್ಯಾಂಟ್ ದನಿ ಇಲ್ಲ, ಹೆವಿ ಗಿಟಾರ್ ಗದ್ದಲ ಇಲ್ಲ, ಆ ಎಡವೋ ಲಯಾನ ತಬಲಾದವ್ರು ನೀರ್ ಕುಡದಂಗ ನುಡಿಸ್ಕೋತ ಹೋಗ್ತಾರ. ನಿಮ್ ಕಾಲಂದವ್ರ ಲೆಕ್ಕದಾಗ ಇದೂ ಕಸದಾಗೇ ಬಂತಲ್ರಿ, ಅಲ್ಲೇ ನನಗ ಸಿಟ್ಟ್ ಬಂದದ್ದು.

ಆದ್ರ ಹಾಡಿನ ಪಟ್ಟಿದಾಗ ಅವ್ರ ಹೆಸ್ರೇನ್ ಗೊತ್ತೇನ್ರಿ? ಬಾಂಬೆ ಆರ್ಕೆಸ್ಟ್ರಾ. ಮುಗೀತು. ಪೇಜ್ ಅದ, ಪ್ಲ್ಯಾಂಟ್ ಅದ, ತಬಲಾದಂವ ಯಾರು, ತಂತಿ ಎಳದಂವ ಯಾರು, ಪಟ್ಟಿ ನೋಡಿದ್ರ ತಿಳ್ಯಂಗಿಲ್ಲ. ಮದಿವಿ ಆರ್ಕೆಸ್ಟ್ರಾದಾಗೂ ಇದೇ ನಡೀತದ, ಬ್ಯಾನರ್ ಮ್ಯಾಲ ಗಾಯಕರ ಫೋಟೋ ಇರ್ತದ, ಡೋಲಕ್‌ದವನ ಹೆಸ್ರು ಮೈಕ್‌ನಾಗ ಸೈತ ಕೂಗಂಗಿಲ್ಲ, ಕೂಗಂದ್ರ ಟೈಮ್ ಇಲ್ಲ ಅಂತಾರ. ನಾ ಮಿಕ್ಸರ್ ಮುಂದ ಕುಂತು ಇದನ್ನ ಎಷ್ಟೋ ಸಲ ನೋಡೀನಿ, ಹೊರಗಿನವ್ರ ಮ್ಯಾಲ ಅಷ್ಟೇ ಬೆರಳ್ ತೋರಿಸಂಗಿಲ್ಲ.

ನಮ್ಮ ಅಂಗಡಿಗೆ ಮಂದಿ ಹಳೇ ಕ್ಯಾಸೆಟ್ ತರ್ತಾರ, ಪೆನ್‌ಡ್ರೈವ್‌ದಾಗ ಹಾಕ್ಕೊಡ್ರಿ ಅಂತ. ಭಜನಿ, ಊರಿನ ಬಯಲಾಟ, ಉರುಸಿನ ಕವ್ವಾಲಿ, ಎಂಥೆಂಥಾವು ಅದಾವಂತೀರಿ. ಮ್ಯಾಲ ಏನ್ ಬರ್ದಿರ್ತದ? ಭಜನಿ ಅಂತ ಬರ್ದಿರ್ತದ, ಇಲ್ಲಾ ಬರೇ ಸೈಡ್ ಎ. ಹಾಡಿದವ್ರು ಯಾರು ಅಂದ್ರ ತಂದಂವಗೂ ಗೊತ್ತಿರಂಗಿಲ್ಲ, ನಮ್ಮ ಕಾಕಾ ಇದ್ರ ಹೇಳ್ತಿದ್ರು ಅಂತಾನ. ಈಗ ನಾ ಒಂದ್ ರೂಢಿ ಮಾಡ್ಕೊಂಡೀನಿ, ಕಾಪಿ ಮಾಡಿಕೊಡೋ ಮೊದ್ಲು ಯಾವ ಊರು, ಸುಮಾರು ಯಾವ ವರ್ಷ, ಪೇಟಿ ಯಾರು, ತಬಲಾ ಯಾರು ಅಂತ ಮನಿಗೆ ಫೋನ್ ಹಚ್ಚಿ ಕೇಳ್ರಿ ಅಂತೀನಿ, ಕೆಲವ್ರು ಕೇಳ್ತಾರ, ಕೆಲವ್ರು ಇಂವಗೇನ್ ಉಸಾಬರಿ ಅಂತ ನೋಡ್ತಾರ. ಫೈಲ್ ಹೆಸರಿನ್ಯಾಗೇ ಅಷ್ಟೂ ಟೈಪ್ ಮಾಡಿ ಕೊಡ್ತೀನಿ, ಅದಕ್ಕ ಬ್ಯಾರೆ ರೊಕ್ಕ ತಗೊಳ್ಳಂಗಿಲ್ಲ.

ಹಂಗಾಗಿ ನಿಮ್ಮ ಪುರವಣಿದವ್ರಿಗೆ ನಂದೊಂದು ಅರ್ಜಿ. ಮುಂದ ಇಂಥಾ ಆಲ್ಬಂ ಬಗ್ಗೆ ಬರೀಬೇಕಾದ್ರ ಚೊಲೋ ಅದ ಕೆಟ್ಟ ಅದ ಅನ್ನೋಕಿಂತ ಮೊದ್ಲು ಆ ಟೇಕ್ ಯಾವಾಗಿಂದು, ಯಾವ ಸ್ಟುಡಿಯೋದ್ದು, ಆಮ್ಯಾಲ ಏನರ ಕೂಡಿಸ್ಯಾರೇನು, ನುಡಿಸಿದವ್ರ ಹೆಸ್ರು ಕೊಟ್ಟಾರೋ ಇಲ್ಲೋ, ಇಷ್ಟ್ ನೋಡಿ ಬರೀರಿ. ಕೊಟ್ಟಿಲ್ಲಂದ್ರ ಕೊಟ್ಟಿಲ್ಲ ಅಂತ ದಪ್ಪ ಅಕ್ಷರದಾಗ ಹಾಕ್ರಿ, ಅವಾಗ ಬೈರಿ, ನಾನೂ ಕೂಡ್ತೀನಿ. ಮತ್ತ 1972ರ ಆ ಬಾಂಬೆ ಸೆಷನ್‌ದಾಗ ಕುಂತು ನುಡಿಸಿದವ್ರು, ಇಲ್ಲಾ ಅವ್ರ ಮನಿಯವ್ರು ಯಾರರ ನಿಮ್ಮ ಓದುಗರದಾಗ ಇದ್ದು ಪೇಪರಿಗೆ ಬರದ್ರ, ಅದನ್ನ ಓದುಗರ ಪತ್ರದ ಮೂಲ್ಯಾಗ ಹಾಕ್ಬ್ಯಾಡ್ರಿ, ಆ ಕಾಲಂ ಬಂದ ಜಾಗಾದಾಗೇ ಹಾಕ್ರಿ.

ಇಂತಿ ನಿಮ್ಮ ಓದುಗ,
ಬ್ರಹ್ಮಪುರ, ಕಲಬುರಗಿ