ಮೊದಲು ಸೀಟು, ಆಮೇಲೆ ಮೈಲ್ಸ್

ಚಿ. ಸೌ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಅಕ್ಕ-ಭಾವನನ್ನೂ ಕರೆದುಕೊಂಡು ನೀನು, ಅಳಿಯಂದಿರು ಮುಂದಿನ ವರ್ಷ ಜಪಾನಿಗೆ ಹೊರಟಿರುವುದು ಕೇಳಿ ಸಂತೋಷವಾಯಿತು. ಕ್ರೆಡಿಟ್ ಕಾರ್ಡಿನ ಪಾಯಿಂಟ್ಸನ್ನೆಲ್ಲ ಈಗಲೇ ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಖಾತೆಗೆ ಹಾಕಿ ಮೈಲ್ಸ್ (ದುಡ್ಡಿನ ಬದಲು ಟಿಕೆಟ್ಟಿಗೆ ಕೊಡಬಹುದಾದ ಅಂಕಗಳು) ಮಾಡಿಬಿಡಲಾ ಎಂದು ಕೇಳಿದ್ದೀಯ. ಹಾಕಬೇಡ. ಪಾಯಿಂಟ್ಸು ಕಾರ್ಡಿನಲ್ಲಿ ಇರುವಷ್ಟು ದಿನ ಬೇರೆ ಬೇರೆ ಏರ್‌ಲೈನ್ಸಿಗೆ ಹೋಗಬಲ್ಲವು. ಒಂದು ಕಡೆ ಸೇರಿದ ಮೇಲೆ ವಾಪಸ್ ತರಲಾಗದು. ಅದೂ ಅಲ್ಲದೆ ಕ್ರಿಸ್‌ಫ್ಲೈಯರ್ ಮೈಲ್ಸಿಗೆ ಮೂರು ವರ್ಷದ ವಾಯಿದೆ. ನಡುವೆ ನೀನು ಎಷ್ಟು ಹಾರಾಡಿದರೂ ಹಳೆಯ ಮೈಲ್ಸಿನ ವಾಯಿದೆ ಮುಂದಕ್ಕೆ ಹೋಗುವುದಿಲ್ಲ. ಸೀಟು ಕಣ್ಣಿಗೆ ಬೀಳುವವರೆಗೆ ಒಂದು ಪಾಯಿಂಟನ್ನೂ ಕದಲಿಸಬೇಡ.

ಸೀಟಿನದೇ ನಿಜವಾದ ಕಷ್ಟ. ದುಡ್ಡು ಕೊಟ್ಟು ಯಾರೂ ಕೊಳ್ಳಲಿಕ್ಕಿಲ್ಲ ಎನಿಸಿದ ಸೀಟುಗಳನ್ನಷ್ಟೇ ಏರ್‌ಲೈನ್ಸಿನವರು ಕಡಿಮೆ ಮೈಲ್ಸಿಗೆ ಬಿಡುತ್ತಾರೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಟೋಕಿಯೋ, ಕ್ಯೋಟೋಗಳಲ್ಲಿ ಚೆರ್ರಿ ಹೂವಿನ ಕಾಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನವರದೇ ಗೋಲ್ಡನ್ ವೀಕ್ ರಜೆ. ಆ ದಿನಗಳಲ್ಲಿ ನಾಲ್ಕು ಸೀಟು ಹುಡುಕುವುದು ಬಹಳ ಕಷ್ಟ. ಹೂವನ್ನೇ ನೋಡಬೇಕೆಂಬ ಹಟ ಇಲ್ಲದಿದ್ದರೆ ಮೇ 10ರ ಮೇಲೆ ಹೋಗಿ, ಜೂನ್ ಮಳೆ ಹಿಡಿಯುವ ಮೊದಲು ಬಂದುಬಿಡಿ. ಹವೆಯೂ ಹಿತ, ಅಕ್ಕನ ಮೊಣಕಾಲಿಗೆ ನೂಕುನುಗ್ಗಲೂ ಕಡಿಮೆ.

ಸಿಂಗಪುರ್ ಏರ್‌ಲೈನ್ಸ್ 355 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಮೇ 12ಕ್ಕೆ ಹೊರಡುವುದಾದರೆ ಹಿಂದಿನ ವರ್ಷ ಮೇ 22ರಿಂದಲೇ ನೋಡಬಹುದು. ನೀವು ಅಲ್ಲಿ ಎರಡು ವಾರ ಇರುವುದಾದರೆ ವಾಪಸ್ ಬರುವ ತಾರೀಖು ಅದಾದ ಎರಡು ವಾರಕ್ಕೆ ತೆರೆಯುತ್ತದೆ, ಅದಕ್ಕೆ ಕಾಯುತ್ತ ಕೂರಬೇಡ. ಹೋಗುವುದನ್ನು ಒಂದು ಟಿಕೆಟ್, ಬರುವುದನ್ನು ಇನ್ನೊಂದು ಟಿಕೆಟ್ ಮಾಡಿಸು. ಒಂದು ಕಡೆಯ ಸೇವರ್, ಅಂದರೆ ಕಡಿಮೆ ಮೈಲ್ಸಿನ, ಟಿಕೆಟ್ಟಿಗೆ ಹೋಗಿಬರುವುದರ ಅರ್ಧ ಮೈಲ್ಸ್ ಅಷ್ಟೇ. ಹೀಗೆ ಮಾಡಿದರೆ ಟೋಕಿಯೋದಲ್ಲಿ ಇಳಿದು ಒಸಾಕಾದಿಂದ ಹೊರಡಬಹುದು. ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ, ಕ್ಯೋಟೋದಿಂದ ಒಸಾಕಾ ಹತ್ತಿರವೇ. ವಿಮಾನ ಹಿಡಿಯಲೆಂದು ಮತ್ತೆ ಟೋಕಿಯೋಗೆ ಬರುವ ಒಂದು ದಿನವೂ ರೈಲಿನ ದುಡ್ಡೂ ಉಳಿಯುತ್ತವೆ.

ಹುಡುಕುವಾಗ ನಾಲ್ಕು ಜನ ಎಂದು ಹಾಕಬೇಡ. ಸೇವರ್‌ನಲ್ಲಿ ಎರಡೇ ಸೀಟು ಇದ್ದರೆ ನಾಲ್ವರ ಹುಡುಕಾಟಕ್ಕೆ ಅವು ಸಿಗುವುದಿಲ್ಲ. ಇಬ್ಬರೆಂದು ಹಾಕಿ ನೋಡು. ಹೇಗೂ ನಿನ್ನ ಮೈಲ್ಸನ್ನೂ ಅಳಿಯಂದಿರ ಮೈಲ್ಸನ್ನೂ ಕ್ರಿಸ್‌ಫ್ಲೈಯರ್‌ನಲ್ಲಿ ಒಟ್ಟುಗೂಡಿಸಲು ಬರುವುದಿಲ್ಲ. ನಿನ್ನ ಖಾತೆಯಿಂದ ಅಕ್ಕ-ಭಾವನಿಗೆ, ಅಳಿಯಂದಿರ ಖಾತೆಯಿಂದ ನಿಮ್ಮಿಬ್ಬರಿಗೆ ಎಂದು ಹಂಚಿಕೊಳ್ಳಿ. ಅದಕ್ಕೆ ಮೊದಲು ಖಾತೆಯ ನಾಮಿನಿ ಪಟ್ಟಿಗೆ ಅವರವರ ಹೆಸರು ಸೇರಿಸಬೇಕು. ಐವರಿಗೆ ಮಾತ್ರ ಜಾಗ. ಸೇವರ್ ಇಲ್ಲದೆ ವೇಟ್‌ಲಿಸ್ಟ್ ತೋರಿಸಿದರೆ ಅದನ್ನು ನಂಬಿ ಹೋಟೆಲ್ಲಿಗೆ ದುಡ್ಡು ಕಟ್ಟಬೇಡ.

ಇನ್ನೊಂದು ದಾರಿ ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸಿನ ನೇರ ವಿಮಾನ. ಅದರ ಸೀಟನ್ನು ಬ್ರಿಟಿಷ್ ಏರ್‌ವೇಸ್‌ನ ಮೈಲ್ಸಾದ ಏವಿಯೋಸ್‌ನಿಂದ ಕೊಳ್ಳಬಹುದು, ಏಕೆಂದರೆ ಎರಡೂ ಒನ್‌ವರ್ಲ್ಡ್ ಎಂಬ ಏರ್‌ಲೈನ್ಸ್ ಕೂಟದವು. ವಯಸ್ಸಾದವರಿಗೆ ನೇರ ವಿಮಾನ ಎಷ್ಟೋ ವಾಸಿ. ಆದರೆ ಇದಕ್ಕೆ ಇಂಧನ ಸರ್‌ಚಾರ್ಜ್ ಕಟ್ಟಬೇಕು. ಸಿಂಗಪುರ್ ಏರ್‌ಲೈನ್ಸ್ ತನ್ನದೇ ವಿಮಾನಗಳ ಮೈಲ್ಸ್ ಟಿಕೆಟ್ಟಿಗೆ ಅದನ್ನು ಹಾಕುವುದಿಲ್ಲ. ಜಪಾನ್ ಏರ್‌ಲೈನ್ಸಿನಂಥ ಪಾಲುದಾರ ಏರ್‌ಲೈನ್ಸಿನ ಸೀಟು ಪರದೆಯ ಮೇಲೆ ಕಂಡರೂ ಬುಕ್ ಆಗದೆ ಹೋಗುವುದುಂಟು. ದುಡ್ಡು ಕಟ್ಟುವ ಪುಟದವರೆಗೂ ಹೋಗಿ ನೋಡು, ಅನುಮಾನವಿದ್ದರೆ ಫೋನ್ ಮಾಡಿ ಕೇಳು, ಆಮೇಲೆ ವರ್ಗಾಯಿಸು. ಕೆಲವು ವರ್ಗಾವಣೆ ನಿಮಿಷಗಳಲ್ಲಿ ಮುಗಿದರೆ ಕೆಲವಕ್ಕೆ ದಿನಗಳೇ ಬೇಕು. ನಿನ್ನ ಕಾರ್ಡಿನದು ಯಾವುದೆಂದು ಮೊದಲೇ ತಿಳಿದುಕೋ.

ಹೆಸರಿನ ವಿಷಯವನ್ನು ಇವತ್ತೇ ಸರಿಮಾಡಿಕೋ. ನಮ್ಮಲ್ಲಿ ಬ್ಯಾಂಕಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಸರ್‌ನೇಮ್ ಜಾಗ ಖಾಲಿ, ಹೀಗೆ ಮೂರು ಕಡೆ ಮೂರು ಥರ ಇರುತ್ತದೆ. ಏರ್‌ಲೈನ್ಸ್ ಖಾತೆಯ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ಕಾರ್ಡಿನ ಹೆಸರು ಅದಕ್ಕೆ ಹೊಂದದಿದ್ದರೆ ವರ್ಗಾವಣೆ ತಿರಸ್ಕೃತವಾಗಬಹುದು. ದಾಖಲೆ ಕಳಿಸಿ ತಿದ್ದಿಸುವಷ್ಟರಲ್ಲಿ ಕಂಡ ಸೀಟು ಬೇರೆಯವರ ಪಾಲಾಗಿರುತ್ತದೆ.

ಲೆಕ್ಕವನ್ನೂ ಮಾಡು. ಒಂದು ಸೀಟಿಗೆ ನಗದು ದರ 48,000 ರೂಪಾಯಿ, ಅದೇ ಸೀಟಿಗೆ 40,000 ಮೈಲ್ಸ್ ಮತ್ತು 8,000 ರೂಪಾಯಿ ತೆರಿಗೆ ಎಂದಿಟ್ಟುಕೊ. ಉಳಿದದ್ದು 40,000 ರೂಪಾಯಿ, ಅಂದರೆ ಮೈಲಿಗೆ ಒಂದು ರೂಪಾಯಿ. ನಿನ್ನ ಕಾರ್ಡ್ ಎರಡು ಪಾಯಿಂಟಿಗೆ ಒಂದು ಮೈಲು ಕೊಡುವುದಾದರೆ ಪಾಯಿಂಟಿಗೆ ಐವತ್ತೇ ಪೈಸೆ. ಅದೇ ಪಾಯಿಂಟಿಗೆ ಕಾರ್ಡಿನವರು ವೋಚರಿನಲ್ಲಿ ಐವತ್ತು ಪೈಸೆ ಕೊಡುತ್ತಿದ್ದರೆ ಈ ಗೋಜೇ ಬೇಡ, ದುಡ್ಡು ಕೊಟ್ಟು ಟಿಕೆಟ್ ತಗೊ. ಬಿಸಿನೆಸ್ ಕ್ಲಾಸಿಗೆ ಮೈಲಿನ ಬೆಲೆ ಹೆಚ್ಚು ಕಾಣುತ್ತದೆ, ನಿಜ; ಆದರೆ ಎಂದೂ ಕೈಯಿಂದ ಕೊಡದ ದರದ ಜೊತೆ ಹೋಲಿಸಿ ಲಾಭ ಎನ್ನಬೇಡ. ಪಾಯಿಂಟಿನ ಆಸೆಗೆ ಕಾರ್ಡ್ ಬಾಕಿ ಉಳಿಸಿಕೊಂಡರಂತೂ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಎಲ್ಲ ಲಾಭವನ್ನೂ ತಿಂದುಹಾಕುತ್ತದೆ.

ಮೈಲ್ಸ್ ಉಳಿಸಲೆಂದು ಸಿಂಗಪುರದವರೆಗೆ ಅಗ್ಗದ ಟಿಕೆಟ್, ಅಲ್ಲಿಂದ ಮೈಲ್ಸ್ ಟಿಕೆಟ್ ಎಂದು ತುಂಡು ಮಾಡಬೇಡ. ಒಂದೇ ಟಿಕೆಟ್ ಆದರೆ ಲಗೇಜ್ ನೇರ ಟೋಕಿಯೋಗೆ ಹೋಗುತ್ತದೆ, ನೀವು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಹೊರಗೆ ಬರಬೇಕಿಲ್ಲ. ಬೇರೆ ಬೇರೆಯಾದರೆ ಲಗೇಜ್ ತೆಗೆದುಕೊಳ್ಳಲು ಹೊರಗೆ ಬರಬೇಕಾಗಬಹುದು, ಅದಕ್ಕೆ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾದರೆ ಎರಡನೆಯದರವರು ಕಾಯುವ ಹೊಣೆಯೂ ಇಲ್ಲ. ಅಕ್ಕ-ಭಾವ ಜೊತೆಗಿರುವುದರಿಂದ ಚಾಂಗಿಯಲ್ಲಿ ಎರಡು ಗಂಟೆಯಾದರೂ ಬಿಡುವಿರಲಿ. ವೀಲ್‌ಚೇರ್ ಬೇಕೆಂದು ಮೊದಲೇ ಹೇಳು; ಮೈಲ್ಸ್ ಟಿಕೆಟ್ಟಿಗೂ ಕೊಡುತ್ತಾರೆ.

ಬುಕ್ ಆದ ಮೇಲೆ 13 ಅಂಕಿಯ ಇ-ಟಿಕೆಟ್ ನಂಬರ್ ಬಂದಿದೆಯೇ ನೋಡು. ಸಿಂಗಪುರ್ ಏರ್‌ಲೈನ್ಸ್ ಕೊಟ್ಟದ್ದು 618ರಿಂದ, ಬ್ರಿಟಿಷ್ ಏರ್‌ವೇಸ್ ಕೊಟ್ಟದ್ದು 125ರಿಂದ ಶುರುವಾಗುತ್ತದೆ. ನಂಬರ್ ಬಾರದಿದ್ದರೆ ಟಿಕೆಟ್ ಇನ್ನೂ ಆಗಿಲ್ಲ, ಕೂಡಲೇ ಫೋನ್ ಮಾಡು. ಏವಿಯೋಸ್ ಟಿಕೆಟ್ ಆದರೆ ಜಪಾನ್ ಏರ್‌ಲೈನ್ಸಿನ ಪಿಎನ್‌ಆರ್ ಬೇರೆ ಇರುತ್ತದೆ, ಸೀಟೂ ಊಟವೂ ಅದರಲ್ಲೇ ಆರಿಸಬೇಕು. ನಮ್ಮ ರುಚಿಯ ಸಸ್ಯಾಹಾರಕ್ಕೆ ಎವಿಎಂಎಲ್ ಎಂಬ ಕೋಡ್. ಬರಿಯ ‘ವೆಜ್’ ಎಂದರೆ ಎಣ್ಣೆ-ಖಾರವಿಲ್ಲದ ಬೇಯಿಸಿದ ತರಕಾರಿ ಬಂದು ಭಾವ ಉಪವಾಸ ಕೂತಾರು.

ನಾಲ್ವರ ಪಾಸ್‌ಪೋರ್ಟ್ ಹೆಸರು, ಖಾತೆಯ ಹೆಸರು ಹೊಂದಿಸಿ ನೋಡಿ, ರಜೆ ಸಿಗುವ ತಾರೀಖುಗಳನ್ನು ಬರೆದು ಕಳಿಸು. ಒಂದೇ ದಿನ ಎನ್ನದೆ ಎರಡು ಕಡೆಗೂ ಐದಾರು ದಿನ ಸಡಿಲವಿರಲಿ.

ಇತಿ,
ನಿನ್ನ ಪ್ರೀತಿಯ ಮಾವ