ಯಾರಿಗೂ ಕೇಳಿಸದೇ ಹೋದರೆ ಅಂತ ಕೇಳಿದ್ದೀಯಲ್ಲ

ಜಯನಗರ, ಬೆಂಗಳೂರು
ಭಾನುವಾರ

ಚಿ. ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಕೆಲಸ ಬಿಟ್ಟಿದ್ದು, ಮನೆಯಲ್ಲಿ ಮಾತು ಬೆಳೆದಿದ್ದು ಎಲ್ಲಾ ನಿಮ್ಮಪ್ಪನ ಬಾಯಿಂದ ಕೇಳಿದ್ದೇನೆ. ಆ ವಿಷಯ ನನಗೆ ಬೇಡ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಅತ್ತೆ, ನಾನು ಸ್ಯಾಕ್ಸೊಫೋನ್ ಊದಿದ್ದು ಯಾರಿಗೂ ಕೇಳಿಸದೇ ಹೋದರೆ?" ಅಂತ. ಅದೇ ತಲೆಯಲ್ಲಿ ಕೂತುಬಿಟ್ಟಿದೆ. ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಹಾಗೇನೂ ಆಗಲ್ಲ ಬಿಡೋ ಅಂತ ಬರೆಯೋಣ ಅಂದುಕೊಂಡೆ. ಆದರೆ ಆಗುತ್ತೆ ಕಣೋ. ಟೀನಾ ಬ್ರೂಕ್ಸ್ ಅಂತ ಅಮೆರಿಕದ ಜಾಸ್ ವಾದಕರೊಬ್ಬರಿದ್ದರು. ಹೆಸರು ಹೆಂಗಸಿನದು ಅನ್ನಿಸುತ್ತೆ, ಆದರೆ ಗಂಡಸು. ನಿನ್ನ ಹಾಗೇ ಟೆನರ್ ಸ್ಯಾಕ್ಸ್. ಬ್ಲೂ ನೋಟ್ ಅನ್ನೋ ರೆಕಾರ್ಡ್ ಕಂಪನಿಗೆ 1958ರಿಂದ 1961ರೊಳಗೆ ತಮ್ಮದೇ ಹೆಸರಿನಲ್ಲಿ ನಾಲ್ಕು ಆಲ್ಬಂಗೆ ಆಗುವಷ್ಟು ನುಡಿಸಿದರು. ಬದುಕಿದ್ದಾಗ ಹೊರಗೆ ಬಂದಿದ್ದು 'ಟ್ರೂ ಬ್ಲೂ' ಒಂದೇ. 1974ರಲ್ಲಿ ಹೋಗಿಬಿಟ್ಟರು, 42 ವಯಸ್ಸು. ಉಳಿದ ಮೂರೂ ಆಮೇಲೆ ಬಂದವು. ಈಗ ಎಲ್ಲೆಲ್ಲಿಯವರೋ ಕೇಳಿ ತಲೆದೂಗುತ್ತಾರೆ. ಅವರಿಗೆ ಅದು ಗೊತ್ತಾಗಲೇ ಇಲ್ಲ. ನೀನು ಹೆದರಿಕೊಂಡಿರೋದು ಇದಕ್ಕೇ ಅಲ್ವಾ? ಆ ಹೆದರಿಕೆ ಸುಳ್ಳು ಅಂತ ನಾನು ಹೇಳಲಾರೆ.

ಅವರು ನನಗೆ ಸಿಕ್ಕಿದ್ದು ಟ್ರಂಪೆಟ್ ವಾದಕ ಫ್ರೆಡ್ಡಿ ಹಬ್ಬರ್ಡ್ ಅವರ 'ಓಪನ್ ಸೆಸಮಿ' ಆಲ್ಬಂನ ಹಿಂಬದಿಯಲ್ಲಿ. 1960ರದ್ದು, ಹಬ್ಬರ್ಡ್ ಅವರ ಮೊಟ್ಟಮೊದಲನೆಯದು. ಟ್ರಂಪೆಟ್ ಕೇಳೋಣ ಅಂತ ಹಾಕಿದೆ. ಮೊದಲ ಹಾಡು ಮುಗಿಯೋ ಹೊತ್ತಿಗೆ ಈ ಸ್ಯಾಕ್ಸ್ ಯಾರದ್ದಪ್ಪಾ ಅನ್ನಿಸಿತು. ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಈ ಹೆಸರು. ಆ ಹಾಡು ಕಟ್ಟಿದ್ದೂ ಅವರೇ! ಅವತ್ತಿನಿಂದ ಯಾವ ರೆಕಾರ್ಡ್ ಸಿಕ್ಕಿದರೂ ನಾನು ಮೊದಲು ಓದೋದು ಪಕ್ಕದಲ್ಲಿ ನುಡಿಸಿದವರ ಹೆಸರು. ನೀನೂ ಹಾಗೇ ಮಾಡು. ಇದನ್ನೆಲ್ಲ ನಾನು ಹೇಳಿಕೊಡಬೇಕಾ ಅಂತ ಬೇಜಾರಾಗಬೇಡ.

ನನ್ನ ಜಾಸ್ ಹುಚ್ಚು ಶುರುವಾಗಿದ್ದು ರೇಡಿಯೋದಿಂದ. ಶಾರ್ಟ್‌ವೇವ್‌ನಲ್ಲಿ ವಾಯ್ಸ್ ಆಫ್ ಅಮೆರಿಕಾ ಹಿಡಿದರೆ ಜಾಸ್ ಕಾರ್ಯಕ್ರಮ ನಡೆಸುತ್ತಿದ್ದ ವಿಲ್ಲಿಸ್ ಕಾನೋವರ್ ಬರುತ್ತಿದ್ದರು. ನಮ್ಮಂಥವರಿಗೂ ಅರ್ಥವಾಗಲಿ ಅಂತ ಒಂದೊಂದೇ ಪದ ಬಿಡಿಸಿ, ನಿಧಾನವಾಗಿ ಮಾತಾಡೋರು. ನಿಮ್ಮ ತಾತನಿಗೆ ಕೇಳಿಸಬಾರದು ಅಂತ ರೇಡಿಯೋನ ದಿಂಬಿನ ಪಕ್ಕ ಮಲಗಿಸಿಕೊಂಡು, ತಿರುಪನ್ನ ಕೂದಲೆಳೆಯಷ್ಟು ತಿರುಗಿಸುತ್ತಾ ಇರುತ್ತಿದ್ದೆ. ಚೆನ್ನಾಗಿ ಬರುತ್ತಿರೋ ಹಾಗೇ ಸೊಂಯ್ ಅಂತ ಸದ್ದು ಎದ್ದು ಎಲ್ಲಾ ಮುಳುಗಿಹೋಗುತ್ತಿತ್ತು. ನುಡಿಸಿದವರ ಹೆಸರು ಹೇಳೋ ಹೊತ್ತಿಗೇ ಮುಳುಗುತ್ತಿತ್ತು. ಎಷ್ಟೋ ಜನರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಅದೇ ವಾಯ್ಸ್ ಆಫ್ ಅಮೆರಿಕಾದವರು 1957ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಪಿಯಾನೋದ ಥೆಲೋನಿಯಸ್ ಮಂಕ್, ಸ್ಯಾಕ್ಸ್‌ನ ಜಾನ್ ಕೋಲ್ಟ್ರೇನ್ ಒಟ್ಟಿಗೆ ನುಡಿಸಿದ್ದನ್ನ ಟೇಪ್ ಮಾಡಿದ್ದರು. ಆ ಟೇಪ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿದ್ದು 2005ರಲ್ಲಿ. ಮಂಕ್, ಕೋಲ್ಟ್ರೇನ್ ಅಂಥವರದ್ದೇ ಅಷ್ಟು ವರ್ಷ ಯಾರ ಕಿವಿಗೂ ಬೀಳದೆ ಕೂತಿತ್ತು ಅಂದರೆ ನೋಡು. ಆದರೂ ಸಿಕ್ಕಿತು. ಟೇಪ್ ಇತ್ತು, ಅದಕ್ಕೇ ಸಿಕ್ಕಿತು.

ಇಲ್ಲಿ ನನಗೆ ಸಂಕಟ ಆಗುತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನ್ನ ಜೊತೆ ಕಾಕ್ಸ್ ಟೌನಿನ ಹುಡುಗಿಯೊಬ್ಬಳಿದ್ದಳು. ಅವಳ ಅಣ್ಣ ಕಂಟೋನ್ಮೆಂಟಿನ ಹೋಟೆಲುಗಳಲ್ಲಿ ಡ್ಯಾನ್ಸ್ ಬ್ಯಾಂಡಿಗೆ ಪಿಯಾನೋ ನುಡಿಸುತ್ತಿದ್ದರು. ಹೋಟೆಲಿನಲ್ಲಿ ಕುಣಿಯೋರಿಗೆ ಬೇಕಾದ್ದು. ಕ್ರಿಸ್‌ಮಸ್ಸಿಗೆ ಅವರ ಮನೆಗೆ ಹೋದಾಗ ಕೇಳಿದ್ದು ಮಾತ್ರ ಬೇರೆಯೇ. ಮುಂದಿನ ಕೋಣೆಯಲ್ಲಿ ಹಳೇ ಪಿಯಾನೋ, ಬಲಗಡೆ ಎರಡು ಕೀ ಸತ್ತಿದ್ದವು. ಆ ಎರಡು ಜಾಗ ಬಂದಾಗ ಬೆರಳು ಬೇರೆ ದಾರಿ ಹಿಡಿಯುತ್ತಿತ್ತು, ಆ ದಾರಿಯಲ್ಲೇ ಹೊಸದೊಂದು ಹುಟ್ಟುತ್ತಿತ್ತು. ಆಮೇಲೆ ಮನೆಯವರೆಲ್ಲ ಆಸ್ಟ್ರೇಲಿಯಾಕ್ಕೆ ಹೋದರು. ಒಂದು ಕ್ಯಾಸೆಟ್ ಕೂಡ ಇಲ್ಲ. ನಮ್ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ದೇವರನಾಮ ತುಂಬಿಸಿಕೊಳ್ಳುತ್ತಿದ್ದೆವು. ಕಾಕ್ಸ್ ಟೌನಿಗೆ ಒಯ್ಯೋಣ ಅಂತ ಯಾರಿಗೂ ಹೊಳೆಯಲಿಲ್ಲ. ಅವರು ನುಡಿಸಿದ್ದು ಇನ್ನು ಯಾರಿಗೂ ಕೇಳಿಸೋದಿಲ್ಲ, ನನಗೂ ಅಷ್ಟೇ. ನಿನ್ನ ಸಾಲು ಓದಿದಾಗ ಮೊದಲು ನೆನಪಾಗಿದ್ದು ಅವರೇ.

ಎಲ್ಲಿಗೋ ಹೋಗಿಬಿಟ್ಟೆ. ನಿನ್ನ ವಿಷಯಕ್ಕೆ ಬರ್ತೀನಿ.

ಹೆನ್ರಿ ಗ್ರೈಮ್ಸ್ ಗೊತ್ತಲ್ಲ, ಸ್ಯಾಕ್ಸ್ ವಾದಕ ಸಾನಿ ರೋಲಿನ್ಸ್ ಜೊತೆ ಬಾಸ್ ಅನ್ನೋ ದೊಡ್ಡ ತಂತಿವಾದ್ಯ ನುಡಿಸಿದವರು. ಅರವತ್ತರ ದಶಕದ ಕೊನೆಯಲ್ಲಿ ಕಾಣೆಯಾದರು. ಸತ್ತೇ ಹೋಗಿದ್ದಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. 2002ರಲ್ಲಿ ಒಬ್ಬ ಅಭಿಮಾನಿ ಹುಡುಕಿಕೊಂಡು ಹೋದರೆ ಲಾಸ್ ಏಂಜಲಿಸ್‌ನಲ್ಲಿ ಒಂದು ಸಣ್ಣ ಕೋಣೆಯಲ್ಲಿದ್ದರು. ಬಾಸ್ ಮಾರಿಬಿಟ್ಟಿದ್ದರು. ವಿಲಿಯಂ ಪಾರ್ಕರ್ ಅನ್ನೋ ಇನ್ನೊಬ್ಬ ಬಾಸ್ ವಾದಕರು ಒಂದು ಬಾಸ್ ಕೊಟ್ಟರು. ಮುಂದಿನ ವರ್ಷವೇ ನ್ಯೂಯಾರ್ಕಿನಲ್ಲಿ ಮತ್ತೆ ನುಡಿಸಿದರು. ಹುಡುಕೋಕೆ ಒಬ್ಬನಾದರೂ ಹೊರಟ, ಅಲ್ವಾ?

ಕೇಳಿಸಬೇಕು ಅನ್ನೋ ನೀನು ಬೇರೆಯವರದ್ದನ್ನ ಎಷ್ಟು ಹುಡುಕಿ ಕೇಳ್ತೀಯ? ಆಕ್ಷೇಪಣೆ ಅಂದ್ಕೋಬೇಡ. ನಮ್ಮೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ ಜೊತೆ ಮಾಡಿದ 'ಜ್ಯೋತಿ' ಆಲ್ಬಂ ಇದೆ, 1983ರದ್ದು, ಜರ್ಮನಿಯ ಇಸಿಎಂ ಕಂಪನಿಯದ್ದು. ಆರ್. ಎ. ರಮಾಮಣಿ ಅವರ ದನಿಯ ಪಕ್ಕದಲ್ಲಿ ಅಮೆರಿಕದ ಸ್ಯಾಕ್ಸ್, ಕೆಳಗೆ ಮೃದಂಗ. ಬೆಂಗಳೂರಿನಲ್ಲಿ ಜಾಸ್ ಅನ್ನೋ ನಿನ್ನ ಸ್ನೇಹಿತರಲ್ಲಿ ಎಷ್ಟು ಜನ ಕೇಳಿದ್ದಾರೆ, ಕೇಳಿ ನೋಡು. ನನಗೂ ಅದು ಸಿಕ್ಕಿದ್ದು ತುಂಬಾ ತಡವಾಗಿ. ಅಮೆರಿಕದ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪ ಅವರು ನಮ್ಮ ಕದ್ರಿ ಗೋಪಾಲನಾಥ್ ಜೊತೆ 2008ರಲ್ಲಿ ಮಾಡಿದ 'ಕಿನ್ಸ್‌ಮೆನ್' ಕೇಳಿಲ್ಲ ಅಂದರೆ ಇವತ್ತೇ ಕೇಳು.

ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ಗೆ ಜಾಸ್ ಕೇಳೋಕೆ ಹೋಗ್ತೀಯಲ್ಲ, ಹೆಸರು ಕೇಳಿರದವರು ನುಡಿಸೋ ದಿನವೂ ಹೋಗು. ಮುಗಿದ ಮೇಲೆ ತಕ್ಷಣ ಎದ್ದು ಬರಬೇಡ. ಡ್ರಮ್ಸ್‌ನವರನ್ನ ಮಾತಾಡಿಸಿ, ಬೇರೆ ಯಾರ ಜೊತೆ ನುಡಿಸ್ತೀರ ಅಂತ ಕೇಳು. ವಾದಕರು ತಮ್ಮ ರೆಕಾರ್ಡಿಂಗ್ ಮಾರೋ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟಿನಲ್ಲಿ ಯಾರದ್ದಾದರೂ ಇಷ್ಟವಾದರೆ ದುಡ್ಡು ಕೊಟ್ಟು ತಗೋ. ಕೈಯಲ್ಲಿ ಕಾಸಿಲ್ಲದ ಹುಡುಗನಿಗೆ ಹೀಗೆ ಹೇಳೋದು ಸರಿಯೋ ಇಲ್ಲವೋ, ಆಗದಿದ್ದರೆ ನನಗೆ ಹೇಳು, ನಾನು ತಗೋತೀನಿ.

ನೀನು ಕಳಿಸಿದ ರೆಕಾರ್ಡಿಂಗ್ ಕೇಳಿದೆ. ಎರಡನೆಯದರಲ್ಲಿ ನೀನು ನಿಲ್ಲಿಸಿದ ಮೇಲೂ ಬಾಸ್ ಒಂದೇ ಮುಂದುವರಿಯುತ್ತಲ್ಲ, ಅದನ್ನ ಹಿಂದಕ್ಕೆ ಹಾಕಿ ಹಾಕಿ ಕೇಳಿದೆ. ಯಾರೋ ಅದು? ಎಲ್ಲೂ ಹೆಸರೇ ಹಾಕಿಲ್ಲ. ಎಲ್ಲರ ಹೆಸರು ಹಾಕು. ಎಲ್ಲಿ, ಯಾವತ್ತು ನುಡಿಸಿದ್ದು ಅದನ್ನೂ ಬರಿ. ಆ ಬಾಸ್‌ನವರು ಬೇರೆ ಯಾರ ಜೊತೆ ನುಡಿಸಿದ್ದಾರೆ ಅಂತ ಕೇಳಿ ತಿಳಿಸು. ಅವೂ ನನಗೆ ಬೇಕು.

ಇಂತಿ,
ನಿನ್ನ ಅತ್ತೆ