ಎಣಿಕೆಗೆ ಅಂಕ ಕೊಟ್ಟರೆ ಕಸವೇ ಬರುತ್ತದೆ

ಮಾನ್ಯ ಸಂಪಾದಕರೇ,

ನಾನು ರಾಯಚೂರಿನಲ್ಲಿರುವ ಪ್ರೋಗ್ರಾಮರ್. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳನ್ನು ಈಗ ಮೊಬೈಲ್, ಕಂಪ್ಯೂಟರ್ ಎಲ್ಲದರಲ್ಲೂ ಬಳಸುವ ಯುನಿಕೋಡ್ ಅಕ್ಷರಗಳಿಗೆ ಬದಲಿಸುವ ಒಂದು ಚಿಕ್ಕ ತಂತ್ರಾಂಶವನ್ನು ಇಬ್ಬರು ಗೆಳೆಯರ ಜೊತೆ ಸೇರಿ ಬರೆದಿದ್ದೇನೆ. ಅದರ ಕೋಡ್, ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಹೀಗೆ ಕಳಿಸುವ ತಿದ್ದುಪಡಿಗೆ ಪುಲ್ ರಿಕ್ವೆಸ್ಟ್ ಅನ್ನುತ್ತಾರೆ. ಬಂದದ್ದನ್ನು ಓದಿ, ಓಡಿಸಿ ನೋಡಿ, ಸರಿಯಿದ್ದರೆ ಸೇರಿಸಿಕೊಳ್ಳುವ ಕೆಲಸ ನಮ್ಮದು. ಇದಕ್ಕೆ ಸಂಬಳವಿಲ್ಲ. ರಾತ್ರಿ ಊಟವಾದ ಮೇಲೆ ಕೂತು ಮಾಡುತ್ತೇವೆ.

ಕಳೆದ ತಿಂಗಳು ಒಂದೇ ರಾತ್ರಿ ನಲವತ್ತಕ್ಕೂ ಜಾಸ್ತಿ ಪುಲ್ ರಿಕ್ವೆಸ್ಟ್ ಬಂದವು. ತೆರೆದು ನೋಡಿದರೆ ತಂತ್ರಾಂಶದ ಪರಿಚಯ ಬರೆದಿಡುವ ರೀಡ್‌ಮಿ ಕಡತದ ಕೊನೆಯಲ್ಲಿ ಕಳಿಸಿದವರ ಹೆಸರು, ಅಷ್ಟೇ. ಕೆಲವರು ಒಂದು ಖಾಲಿ ಸಾಲು ಸೇರಿಸಿದ್ದರು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ನಮ್ಮ ಭಾಗದ ಒಂದು ಕಾಲೇಜಿನಲ್ಲಿ ಐದು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಇಂಟರ್ನಲ್ ಅಂಕವಂತೆ. ಏನು ಕಳಿಸಿದರು ಎಂದು ಯಾರೂ ನೋಡುವುದಿಲ್ಲ.

ಹತ್ತಿಪ್ಪತ್ತು ನೋಡುವಷ್ಟರಲ್ಲಿ ಬೇಸರವಾಗಿ ಎಲ್ಲವನ್ನೂ ಸೇರಿಸಿಕೊಳ್ಳದೆ ಮುಚ್ಚಿಬಿಟ್ಟೆ. ಎರಡು ದಿನ ಬಿಟ್ಟು ಸಿಂಧನೂರಿನ ಒಬ್ಬ ವಿದ್ಯಾರ್ಥಿನಿಯ ಸಂದೇಶ ಬಂತು: “ಸರ್, ನನ್ನದರಲ್ಲಿ ಏನು ತಪ್ಪಿತ್ತು ಹೇಳಿ, ತಿದ್ದುತ್ತೇನೆ.”

ತಪ್ಪು ಏನೂ ಇರಲಿಲ್ಲ. ನುಡಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಟೈಪ್ ಮಾಡುತ್ತೇವೆ. ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತದೆ, ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಓದುಗರೂ ಇಂಥದ್ದನ್ನು ಎಲ್ಲಾದರೂ ನೋಡಿರುತ್ತೀರಿ. ಸಾಮಾನ್ಯ ಪದಗಳಿಗೆ ನಾವು ಇದನ್ನು ಸರಿಮಾಡಿದ್ದೆವು. ಒತ್ತಕ್ಷರವೂ ಜೊತೆಗಿದ್ದಾಗ ತಪ್ಪುತ್ತಿತ್ತು. ಆ ಹುಡುಗಿ ಮೂರೇ ಸಾಲಿನಲ್ಲಿ ಅದನ್ನು ತಿದ್ದಿ, ಪರೀಕ್ಷೆಗೆಂದು ಎಂಟು ಪದಗಳನ್ನೂ ಕೊಟ್ಟಿದ್ದಳು. ಅದನ್ನು ಕಸದ ಜೊತೆ ಎಸೆದಿದ್ದೆ. ಕ್ಷಮೆ ಕೇಳಿ ಸೇರಿಸಿಕೊಂಡೆ. ಆದರೆ ಕೇಳದೆ ಸುಮ್ಮನಾದವರು ಎಷ್ಟು ಜನ ಇರಬಹುದು ಅನ್ನೋದು ಇನ್ನೂ ಕೊರೆಯುತ್ತಿದೆ.

ಇದು ನಮ್ಮೊಬ್ಬರ ಗೋಳಲ್ಲ. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ ಕಾರ್ಯಕ್ರಮದವರು ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತೇವೆ ಎಂದಿದ್ದರು. ಜಗತ್ತಿನ ಎಲ್ಲೆಡೆ ಇದೇ ಥರ ಕಸ ತುಂಬಿತು. ನಡುವೆಯೇ ನಿಯಮ ಬದಲಿಸಿ, ಇದರಲ್ಲಿ ಸೇರಲು ಒಪ್ಪಿದ ತಂತ್ರಾಂಶಗಳಿಗೆ ಕಳಿಸಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಾದ ತಂತ್ರಾಂಶಕ್ಕೂ ಹೀಗೇ ಬರೀ ಹೆಸರು ಸೇರಿಸುವ ತಿದ್ದುಪಡಿಗಳು ರಾಶಿ ಬಿದ್ದವು. ನಮ್ಮ ದೇಶದ ಒಂದು ಪಾಠದ ವಿಡಿಯೋ ನೋಡಿ ಮಕ್ಕಳು ಕಳಿಸಿದ್ದು. ಈಗ ಎಐ ಬರೆದುಕೊಟ್ಟ ಕೋಡ್ ಬೇರೆ. ನೋಡಲು ನೀಟಾಗಿರುತ್ತದೆ, ಓಡಿಸಿದಾಗಲೇ ಬಣ್ಣ ಬಯಲಾಗುವುದು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದವರು 2022ರ ಡಿಸೆಂಬರ್‌ನಲ್ಲೇ ಚಾಟ್‌ಜಿಪಿಟಿ ಉತ್ತರಗಳನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಕಲಿಯುವವರ ತಪ್ಪನ್ನು ನಾನು ಕಸ ಅನ್ನುತ್ತಿಲ್ಲ. ನನ್ನ ಮೊದಲ ಕೋಡನ್ನೂ ಯಾರೋ ತಾಳ್ಮೆಯಿಂದ ಓದಿ ವಾಪಸ್ ಕಳಿಸಿದ್ದರು. ತಂತ್ರಾಂಶವನ್ನು ಒಮ್ಮೆಯೂ ಬಳಸಿ ನೋಡದೆ ಕಳಿಸುತ್ತಾರಲ್ಲ, ಅದು ಕಸ. ಹತ್ತಿ ಮಾರುಕಟ್ಟೆಯಲ್ಲಿ ಖರೀದಿದಾರರು ಚೀಲದ ಒಳಗೆ ಕೈ ಹಾಕಿ ಹತ್ತಿ ಎಳೆದು ನೋಡುತ್ತಾರೆ. ಬರೀ ಚೀಲ ಎಣಿಸಿ ಯಾರೂ ದುಡ್ಡು ಕೊಡುವುದಿಲ್ಲ. ಅಂಕ ಕೊಡುವಾಗ ಮಾತ್ರ ಯಾಕೆ ಎಣಿಸಬೇಕು?

ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲೇಜುಗಳ ಉಪನ್ಯಾಸಕರಲ್ಲಿ ನನ್ನ ಮನವಿ ಇಷ್ಟೇ. ಐದರ ಬದಲು ಒಂದೇ ಸಾಕು. ಏನು ತಪ್ಪಿತ್ತು, ಹೇಗೆ ತಿದ್ದಿದೆ ಎಂದು ವಿದ್ಯಾರ್ಥಿ ಕನ್ನಡದಲ್ಲೇ ಹತ್ತು ನಿಮಿಷ ಹೇಳಲಿ. ಹೊರಗೆ ಕಳಿಸುವ ಮುನ್ನ ತರಗತಿಯಲ್ಲಿ ಇಬ್ಬರು ಸಹಪಾಠಿಗಳು ಓಡಿಸಿ ನೋಡಲಿ. ಹಾಗೆ ನೋಡಿಕೊಟ್ಟವರಿಗೂ ಅಂಕ ಸಿಗಲಿ, ಅದೂ ಕೆಲಸವೇ ಅಲ್ವಾ.

ನಾವೂ ಇನ್ನು ಮುಂದೆ ಓದದೆ ಯಾವುದನ್ನೂ ಮುಚ್ಚುವುದಿಲ್ಲ. ಅದಕ್ಕೆ ಮೂವರು ಸಾಲುವುದಿಲ್ಲ. ಭಾನುವಾರ ಎರಡು ತಾಸು ಕೊಡುವವರು ಬೇಕಾಗಿದ್ದಾರೆ. ಪ್ರೋಗ್ರಾಮಿಂಗ್ ಬರದಿದ್ದರೂ ಪರವಾಗಿಲ್ಲ, ಅರ್ಕಾವತ್ತು ಸರಿಯಾದ ಜಾಗಕ್ಕೆ ಬಂದಿದೆಯೇ ಎಂದು ನೋಡುವಷ್ಟು ಕನ್ನಡ ಬಂದರೆ ಸಾಕು.

ಇಂತಿ,
ನಿಮ್ಮ ಓದುಗ, ರಾಯಚೂರು